ಮೋರ್ ಬೆಟ್ಟಗಳಲ್ಲಿ ಸೈಕಲ್: ಏರಿಗಿಂತ ನೀರಿನ ಲೆಕ್ಕವೇ ಜಾಸ್ತಿ

ಫ್ರಾನ್ಸಿನ ದಕ್ಷಿಣ ಕರಾವಳಿ ಅಂದ ಕೂಡಲೇ ಎಲ್ಲರೂ ನೀಸ್, ಕಾನ್, ಸೇಂಟ್ ಟ್ರೋಪೆ ಅನ್ನುತ್ತಾರೆ. ನನ್ನ ಕೆಲಸ ಇರುವುದು ಆಂಟೀಬ್ ಹತ್ತಿರ. ಆ ಬೀಚುಗಳ ಗದ್ದಲ, ಕಾರುಗಳ ಸಾಲು ನೋಡಿ ಸಾಕಾಗಿದೆ. ಆದರೆ ಸೇಂಟ್ ಟ್ರೋಪೆಯ ಬೆನ್ನ ಹಿಂದೆಯೇ ಇನ್ನೊಂದು ಲೋಕವಿದೆ. ಇಯೇರ್ ಊರಿನಿಂದ ಫ್ರೆಜೂಸ್‌ವರೆಗೆ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ಹರಡಿದ ಮೋರ್ ಬೆಟ್ಟಸಾಲು. ಪೂರ್ತಿ ಕಾಡು. ತೊಗಟೆಯಿಂದ ಬಾಟಲಿ ಬಿರಡೆ ಮಾಡುವ ಕಾರ್ಕ್ ಓಕ್, ಚೆಸ್ಟ್‌ನಟ್, ಪೈನ್ ಮರಗಳು. ಊರುಗಳು ಬೆರಳೆಣಿಕೆಯಷ್ಟು.

ಎತ್ತರ ಕೇಳಿದರೆ ನಗು ಬರಬಹುದು. ಇಲ್ಲಿನ ಅತಿ ಎತ್ತರದ ಶಿಖರವೇ 800 ಮೀಟರ್ ಮುಟ್ಟುವುದಿಲ್ಲ. ನಮ್ಮ ಮಡಿಕೇರಿ ಪೇಟೆಯೇ ಅದಕ್ಕಿಂತ ಎತ್ತರದಲ್ಲಿದೆ. ಘಾಟಿಗಳು ಬಹುಪಾಲು 200ರಿಂದ 500 ಮೀಟರ್ ಒಳಗೆ. ಆಲ್ಪ್ಸ್ ಹತ್ತಿದ ಗೆಳೆಯರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೂ ನನಗೆ ಆಲ್ಪ್ಸ್‌ಗಿಂತ ಇಲ್ಲೇ ಸುಸ್ತು ಜಾಸ್ತಿ. ಆಲ್ಪ್ಸ್‌ನಲ್ಲಿ ಒಂದು ದೊಡ್ಡ ಏರು ಹತ್ತಿದರೆ ಮೇಲೆ ಕಾಫಿ ಅಂಗಡಿ ಇರುತ್ತದೆ, ಬದಿಯಲ್ಲಿ ತೊರೆ ಹರಿಯುತ್ತಿರುತ್ತದೆ. ಇಲ್ಲಿ ಏರು, ಇಳಿ, ಮತ್ತೆ ಏರು. ಮಧ್ಯೆ ಅಂಗಡಿಯೂ ಇಲ್ಲ, ನೀರೂ ಇಲ್ಲ.

ನಾನು ಹೊರಡುವುದು ಇಯೇರ್‌ನಿಂದ. ತೂಲೋನ್‌ನಲ್ಲಿ ರೈಲು ಬದಲಾಯಿಸಿದರೆ ಅಲ್ಲಿಗೆ ಲೋಕಲ್ ರೈಲು ಸಿಗುತ್ತದೆ, ಸೈಕಲನ್ನು ಹಾಗೇ ಒಳಗೆ ಒಯ್ಯಬಹುದು. ಇಯೇರ್‌ನಿಂದ ಬೋರ್ಮ್ ಕಡೆಗೆ ಸೈಕಲ್ ದಾರಿ ಇದೆ. ಹಿಂದೆ ತೂಲೋನ್‌ನಿಂದ ಸೇಂಟ್ ರಫಾಯೆಲ್‌ಗೆ ಕರಾವಳಿ ಗುಂಟ ಚಿಕ್ಕ ರೈಲು ಓಡುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಆ ಹಳಿಯ ಜಾಗದಲ್ಲೇ ಈಗ ಬಹುಪಾಲು ಸೈಕಲ್ ಓಡುತ್ತದೆ. ರೈಲಿನ ದಾರಿ ಆದ್ದರಿಂದ ಏರಿಳಿತ ಕಡಿಮೆ. ಕಾಲು ಬಿಸಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಬೇಡ.

ಬೋರ್ಮ್ ಹಳ್ಳಿಯಿಂದ ಡಿ41 ರಸ್ತೆ ಹಿಡಿದರೆ ಕಾಡು ಶುರು. ಮೊದಲು ಕಾಗೊವೆನ್ ಅನ್ನುವ ಚಿಕ್ಕ ಘಾಟಿ, ಆಮೇಲೆ ಗ್ರಾತ್‌ಲೂ. ಅಲ್ಲಿ ಹೆದ್ದಾರಿ ದಾಟಿ ಬಬಾವು ಘಾಟಿ ಹತ್ತಬೇಕು. ಎತ್ತರ 415 ಮೀಟರ್ ಹತ್ತಿರ. ಏರು ಕಡಿದಾಗಿಲ್ಲ, ಒಂದೇ ಹದದಲ್ಲಿ ಪೆಡಲ್ ತುಳಿದುಕೊಂಡು ಹೋಗಬಹುದು. ಹತ್ತುತ್ತಾ ಹಿಂದೆ ತಿರುಗಿ ನೋಡಿದರೆ ಸಮುದ್ರ, ಅದರಲ್ಲಿ ಪೋರ್ಕ್‌ರೋಲ್, ಪೋರ್ಕ್ರೋ ದ್ವೀಪಗಳು. ತುದಿ ದಾಟಿದ ಮೇಲೆ ಸಮುದ್ರ ಕಾಣುವುದಿಲ್ಲ. ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಉಪ್ಪಿನ ವಾಸನೆ ಹೋಗಿ ಅಂಟು ಎಲೆಗಳ, ಒಣ ಮಣ್ಣಿನ ವಾಸನೆ.

ಈ ಇಳಿಜಾರಿನಲ್ಲಿ ನಿಧಾನಕ್ಕೆ ಹೋಗಿ. ಒಂದು, ತಿರುವುಗಳಲ್ಲಿ ಎಲೆ, ಕಲ್ಲುಪುಡಿ ಬಿದ್ದಿರುತ್ತದೆ. ಇನ್ನೊಂದು, ಕಾರ್ಕ್ ಮರಗಳನ್ನು ನೋಡಬೇಕಲ್ವಾ? ತೊಗಟೆ ಸುಲಿದ ಮರದ ಕಾಂಡ ಇಟ್ಟಿಗೆ ಬಣ್ಣಕ್ಕಿರುತ್ತದೆ, ವರ್ಷ ಕಳೆದಂತೆ ಕಪ್ಪಾಗುತ್ತದೆ. ಮೇಲಿನ ಕೊಂಬೆಗಳಲ್ಲಿ ಮಾತ್ರ ಬೂದು ತೊಗಟೆ ಉಳಿದಿರುತ್ತದೆ. ಚಡ್ಡಿ ಬಿಚ್ಚಿಸಿಕೊಂಡು ಸ್ನಾನಕ್ಕೆ ನಿಂತ ಹುಡುಗರ ಸಾಲಿನ ಹಾಗೆ ಕಾಣುತ್ತವೆ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ಸುಲಿಯುತ್ತಾರೆ. ಆ ತೊಗಟೆ ಒರಟು, ಬಾಟಲಿ ಬಿರಡೆಗೆ ಆಗುವುದಿಲ್ಲ. ಆಮೇಲೆ ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಸುಲಿಯಬಹುದು, ಮರ ಸಾಯುವುದಿಲ್ಲ. 19ನೇ ಶತಮಾನದಲ್ಲಿ ಈ ಬೆಟ್ಟದ ಹಳ್ಳಿಗಳು ಬದುಕಿದ್ದೇ ಬಿರಡೆ ಮಾಡಿ.

ಕೆಳಗೆ ಕೊಲೊಬ್ರಿಯೇರ್. ಕಾಡಿನ ನಡುವಿನ ಊರು, ಚೆಸ್ಟ್‌ನಟ್‌ಗೆ ಹೆಸರುವಾಸಿ. ಚೆಸ್ಟ್‌ನಟ್ ಐಸ್‌ಕ್ರೀಮ್ ತಿನ್ನದೆ ನಾನು ಅಲ್ಲಿಂದ ಹೊರಟದ್ದೇ ಇಲ್ಲ. ಅಕ್ಟೋಬರ್‌ನ ಭಾನುವಾರಗಳಲ್ಲಿ ಇಲ್ಲಿ ಚೆಸ್ಟ್‌ನಟ್ ಜಾತ್ರೆ ನಡೆಯುತ್ತದೆ. ಜಾತ್ರೆ ಚೆನ್ನ, ಆದರೆ ಆ ದಿನ ಕಿರಿದಾದ ರಸ್ತೆಯಲ್ಲಿ ಕಾರೋ ಕಾರು. ಸೈಕಲ್‌ನವರು ವಾರದ ದಿನ ಹೋಗುವುದು ವಾಸಿ. ಮರದ ಕೆಳಗೆ ಕಾಯಿ ಬಿದ್ದಿದೆ ಅಂತ ಆರಿಸಬೇಡಿ. ಅವೆಲ್ಲ ಯಾರದೋ ತೋಟ, ಕಾಡಲ್ಲ.

ಇಲ್ಲಿ ಊಟ, ನೀರಿನ ವಿಷಯ ಹೇಳಲೇಬೇಕು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರೂವರೆ, ನಾಲ್ಕಕ್ಕೆ. ಭಾನುವಾರ ಮಧ್ಯಾಹ್ನ ಎಲ್ಲ ಬಂದ್. ಸೋಮವಾರ ಬಹಳಷ್ಟು ಬಂದ್. ಬ್ರೆಡ್ ಅಂಗಡಿಗೂ ವಾರದ ರಜೆ ಇರುತ್ತದೆ. ಹಾಗಾಗಿ ನನ್ನ ನಿಯಮ ಸರಳ: ಬೆಳಿಗ್ಗೆ ಹನ್ನೊಂದರೊಳಗೆ ಮಧ್ಯಾಹ್ನದ ಊಟ ಬ್ಯಾಗಿನಲ್ಲಿ ಇರಬೇಕು. ನಾನು ಸಸ್ಯಾಹಾರಿ. ಹಳ್ಳಿ ಹೋಟೆಲಿನಲ್ಲಿ ಕಾಡುಹಂದಿ ಸಾರು ಬಿಟ್ಟರೆ ಸಲಾಡ್, ಅಷ್ಟೇ. ಬ್ಯಾಗಿನ ಜೇಬಿನಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಸದಾ ಇರುತ್ತದೆ. ಬಾಗೆಟ್ ಅನ್ನುವ ಉದ್ದನೆಯ ಬ್ರೆಡ್ ಸೀಳಿ, ಇಲ್ಲಿಯದೇ ಆಲಿವ್ ಎಣ್ಣೆ ಸುರಿದು, ಚಟ್ನಿಪುಡಿ ಉದುರಿಸಿ, ಟೊಮೆಟೊ ಇಟ್ಟು ತಿಂದು ನೋಡಿ. ಜೊತೆಗೆ ಬಂದ ಫ್ರೆಂಚ್ ಗೆಳೆಯ ಮೊದಲು ಕೆಮ್ಮಿದ, ಆಮೇಲೆ ಡಬ್ಬಿಯನ್ನೇ ಕೇಳಿದ.

ನೀರಿಗೆ ಹಳ್ಳಿ ಚೌಕದ ನಲ್ಲಿ. ಅದರ ಮೇಲೆ 'ನಾನ್ ಪೊತಾಬ್ಲ್' ಅಂತ ಬೋರ್ಡ್ ಇದ್ದರೆ ಕುಡಿಯಬಾರದು. ನಲ್ಲಿ ಕಾಣದಿದ್ದರೆ ಇಲ್ಲಿನ ಸೈಕಲ್‌ನವರು ಹೋಗುವುದು ಸ್ಮಶಾನಕ್ಕೆ! ಸಮಾಧಿಯ ಹೂಗಿಡಕ್ಕೆ ಹಾಕಲು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಊರಿನಲ್ಲಿ ಅಮ್ಮನಿಗೆ ಇದನ್ನು ಹೇಳಿದಾಗ ಫೋನಿನಲ್ಲೇ "ಥೂ, ಸ್ನಾನ ಮಾಡಿದ್ಯೇನೋ?" ಅಂದರು. ಎರಡು ಬಾಟಲಿ ಸಾಲದು. ನಾನು ಮೂರನೆಯದನ್ನೂ ಕಟ್ಟಿಕೊಳ್ಳುತ್ತೇನೆ.

ಯಾಕೆಂದರೆ ಮುಂದಿನದು ಡಿ14 ರಸ್ತೆ. ಕೊಲೊಬ್ರಿಯೇರ್‌ನಿಂದ ಗ್ರಿಮೋ ಕಡೆಗೆ ಸುಮಾರು 30 ಕಿಲೋಮೀಟರ್. ದಾರಿಯಲ್ಲಿ ಒಂದು ಊರೂ ಇಲ್ಲ. ಟಾರು ಅಲ್ಲಲ್ಲಿ ಕಿತ್ತಿದೆ, ರಸ್ತೆ ಕಿರಿದು, ತಿರುವಿನ ಮೇಲೆ ತಿರುವು. ಕಣಿವೆಗೆ ಇಳಿದರೆ ಫೋನ್ ಸಿಗ್ನಲ್ ಹೋಗುತ್ತದೆ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34, ಟೈರು 35 ಮಿಲಿಮೀಟರ್ ಅಗಲ. ಎರಡು ಬದಿಯ ಬ್ಯಾಗ್ ಹೊತ್ತು ಇಲ್ಲಿ ಹತ್ತಲು ನನಗೆ ಇದು ಸರಿಹೋಗಿದೆ. ತೆಳು ರೇಸಿಂಗ್ ಟೈರು ಈ ರಸ್ತೆಗೆ ಬೇಡ.

ಡಿ14ರಿಂದ ಒಳಗೆ ತಿರುಗಿದರೆ ವೆರ್ನ್ ಮಠ. 1170ರಲ್ಲಿ ಕಟ್ಟಲು ಶುರು ಮಾಡಿದ್ದು. ಕಂದು ಕಲ್ಲಿನ ಗೋಡೆ, ಬಾಗಿಲು ಕಮಾನುಗಳಿಗೆ ಕಡು ಹಸಿರು ಕಲ್ಲು. ಎರಡೂ ಈ ಬೆಟ್ಟದ್ದೇ. ಫ್ರೆಂಚ್ ಕ್ರಾಂತಿಯಲ್ಲಿ ಸನ್ಯಾಸಿಗಳು ಜಾಗ ಬಿಟ್ಟರು, ಕಟ್ಟಡ ಪಾಳು ಬಿತ್ತು. 1983ರಿಂದ ಸನ್ಯಾಸಿನಿಯರು ಇದ್ದಾರೆ. ಸೈಕಲ್ ಚಡ್ಡಿಯ ಮೇಲೆ ಒಂದು ಪ್ಯಾಂಟ್ ಹಾಕಿಕೊಂಡೇ ನಾನು ಒಳಗೆ ಹೋಗುವುದು. ಹೋಗಿ ಬರುವ ಏರಿಗೆ ಕಾಲಿನಲ್ಲಿ ಶಕ್ತಿ ಇದ್ದರೆ ಮಾತ್ರ ಈ ಕಡೆ ತಿರುಗಿ. ಬಿಟ್ಟರೂ ತಪ್ಪೇನಿಲ್ಲ.

ಇನ್ನು ಬೆಂಕಿ. ಈ ಕಾಡಿನಲ್ಲಿ ಎಲ್ಲದಕ್ಕೂ ಅದೇ ಯಜಮಾನ. ಬೇಸಿಗೆಯಲ್ಲಿ ಮಳೆ ಇಲ್ಲ, ಮಿಸ್ತ್ರಾಲ್ ಅನ್ನುವ ಒಣ ಗಾಳಿ ವಾಯವ್ಯದಿಂದ ಬೀಸುತ್ತದೆ. ಕಿಡಿ ಬಿದ್ದರೆ ಮುಗಿಯಿತು. 2021ರ ಆಗಸ್ಟ್ 16ರಂದು ಗೊನ್‌ಫಾರೋನ್ ಹತ್ತಿರ ಹೆದ್ದಾರಿ ಪಕ್ಕ ಹೊತ್ತಿದ ಬೆಂಕಿ ಸುಮಾರು 7000 ಹೆಕ್ಟೇರ್ ಕಾಡು ಸುಟ್ಟಿತು. ಇಬ್ಬರು ಸತ್ತರು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಜಿಲ್ಲಾಡಳಿತ ಪ್ರತಿದಿನ ಸಂಜೆ ಮರುದಿನದ ಮ್ಯಾಪ್ ಹಾಕುತ್ತದೆ. ಯಾವ ಕಾಡಿಗೆ ಯಾವ ಬಣ್ಣ ಅಂತ. ಕೆಂಪು ಇದ್ದರೆ ಕಾಡಿನ ದಾರಿಗಳು ಬಂದ್, ಸೈಕಲ್‌ಗೂ ಅಷ್ಟೇ. ಕಾಡಿನ ಒಳಗೆ, ಅಂಚಿನಿಂದ 200 ಮೀಟರ್‌ವರೆಗೂ ಬೆಂಕಿ ಹಚ್ಚುವ ಹಾಗಿಲ್ಲ. ಅಂದರೆ ಸ್ಟವ್ ಹಚ್ಚಿ ಮ್ಯಾಗಿ ಮಾಡುವ ಆಸೆ ಬಿಡಿ. ಸುಮ್ನೆ ಎಲ್ಲೋ ಟೆಂಟ್ ಹಾಕಿ ಮಲಗುವುದೂ ಬೇಡ. ನಾನು ಹಳ್ಳಿಯ ಮನೆಗಳಲ್ಲಿ ಬಾಡಿಗೆಗೆ ಕೊಡುವ ರೂಮು ಹಿಡಿಯುತ್ತೇನೆ, ಬೆಳಿಗ್ಗೆ ತಿಂಡಿಯೂ ಸಿಗುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ನನ್ನ ಮಟ್ಟಿಗೆ ಮೇ. ಕಾಡುಪೊದೆಗಳಲ್ಲಿ ಬಿಳಿ, ಗುಲಾಬಿ ಹೂ, ಸಂಜೆ ಒಂಬತ್ತರವರೆಗೆ ಬೆಳಕು. ಅಕ್ಟೋಬರ್ ಕೂಡ ಚೆನ್ನ, ಆದರೆ ಆಗ ಎರಡು ತೊಡಕು. ಭೂಮಧ್ಯ ಸಮುದ್ರದ ಶರತ್ಕಾಲದ ಮಳೆ ಬಂತೆಂದರೆ ಕೆಲವೇ ಗಂಟೆಯಲ್ಲಿ ಹಳ್ಳ ತುಂಬಿ ರಸ್ತೆ ಮೇಲೆ ಹರಿಯುತ್ತದೆ. ಜೊತೆಗೆ ಹಂದಿ ಬೇಟೆಯ ಕಾಲ. ಬೇಟೆ ನಡೆಯುತ್ತಿದೆ ಅನ್ನುವ ಬೋರ್ಡ್ ಕಂಡರೆ ಕಚ್ಚಾ ದಾರಿಗೆ ಇಳಿಯಬೇಡಿ. ಟಾರು ರಸ್ತೆಯಲ್ಲೂ ನಾನು ಕಿತ್ತಳೆ ಬಣ್ಣದ ಜಾಕೆಟ್ ತೆಗೆಯುವುದಿಲ್ಲ.

ಗ್ರಿಮೋದಿಂದ ಲಾ ಗಾರ್ದ್ ಫ್ರೆನೆಗೆ ಡಿ558 ರಸ್ತೆಯಲ್ಲಿ ಕೊನೆಯ ದೊಡ್ಡ ಏರು. ಇಲ್ಲಿ ಕಾರು ಜಾಸ್ತಿ. ಊರಾಚೆ ಕಾರಿನವರು ಸೈಕಲನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅನ್ನುವುದು ಫ್ರಾನ್ಸಿನ ಕಾನೂನು. ಬಹಳ ಜನ ಬಿಡುತ್ತಾರೆ. ಬಿಡದವರಿಗೆ ಕೈ ತೋರಿಸಿ ಬೈಯುವುದರಲ್ಲಿ ಉಸಿರು ವೇಸ್ಟ್. 2021ರಲ್ಲಿ ಸುಟ್ಟ ಕಾಡು ಈ ಊರಿನ ಸುತ್ತ ಕಾಣುತ್ತದೆ. ಕಾಂಡ ಇದ್ದಿಲಿನಷ್ಟು ಕಪ್ಪು, ಆದರೆ ಮೇಲೆ ಹಸಿರು ಎಲೆ. ಕಾರ್ಕ್ ಮರದ ದಪ್ಪ ತೊಗಟೆ ಒಳಗಿನ ಜೀವ ಕಾಯುತ್ತದೆ. ಹೊಸದಾಗಿ ಸುಲಿದ ಮರಕ್ಕೆ ಮಾತ್ರ ಆ ರಕ್ಷಣೆ ಇರುವುದಿಲ್ಲ, ಅದು ಸಾಯುವುದು ಬೇಗ. ಕೆಳಗೆ ಪೊದೆಗಳು ಬುಡದಿಂದಲೇ ಚಿಗುರಿವೆ.

ಅಲ್ಲಿಂದ ಉತ್ತರಕ್ಕೆ ಉದ್ದನೆಯ ಇಳಿಜಾರು, ಕೆಳಗೆ ಮೋರ್ ಬಯಲು. ಕೆಂಪು ಕಲ್ಲು, ಕೊಡೆ ಆಕಾರದ ಪೈನ್ ಮರಗಳು. 2009ರಿಂದ ಇದು ಸಂರಕ್ಷಿತ ಪ್ರದೇಶ, ಹರ್ಮನ್ ಅನ್ನುವ ನೆಲದ ಆಮೆಯ ಮನೆ. ಬಿಸಿಲಿನ ಬೆಳಿಗ್ಗೆ ಈ ಆಮೆಗಳು ರಸ್ತೆ ದಾಟುತ್ತವೆ. ಎತ್ತಿ ಬ್ಯಾಗಿಗೆ ಹಾಕಿಕೊಳ್ಳುವುದು ಅಪರಾಧ. ನಿಂತು ದಾಟಲು ಬಿಡಿ.

ವಿದೋಬಾನ್ ಮೂಲಕ ಲೆಝಾರ್ಕ್ ಸ್ಟೇಷನ್ ತಲುಪಿದರೆ ಆಂಟೀಬ್, ನೀಸ್ ಕಡೆಗೆ ಲೋಕಲ್ ರೈಲು. ಸೈಕಲ್ ನಿಲ್ಲಿಸುವ ಜಾಗ ಒಂದು ಬೋಗಿಯಲ್ಲಿ ಕೆಲವೇ ಕೆಲವು. ಭಾನುವಾರ ಸಂಜೆ ಬೀಚಿನಿಂದ ಬರುವವರು, ಸೂಟ್‌ಕೇಸಿನವರು ಎಲ್ಲ ಅಲ್ಲೇ ನುಗ್ಗುತ್ತಾರೆ. ಅದಕ್ಕೇ ನಾನು ಬ್ಯಾಗುಗಳನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದಿರುತ್ತೇನೆ. ಆಗುವುದಾದರೆ ಶನಿವಾರ ಮಧ್ಯಾಹ್ನದ ರೈಲನ್ನೇ ಹಿಡಿಯುತ್ತೇನೆ.