ಖಾಲಿ ಸರ್ವರ್‌ಗೆ ಮತ್ತೆ ಜನ ಬರಬೇಕಾದರೆ

ಗೆಳೆಯರೇ, ಎರಡು ಟೀಮ್ ಕಟ್ಟಿಕೊಂಡು ಗುಂಡು ಹಾರಿಸುತ್ತಾ ಆಡುವ ಕಂಪ್ಯೂಟರ್ ಆಟ ಕೌಂಟರ್-ಸ್ಟ್ರೈಕ್ 1.6 ಬಂದದ್ದು 2003ರಲ್ಲಿ. ಇಷ್ಟು ಹಳೆಯ ಆಟಕ್ಕೆ ಜನ ಕಡಿಮೆಯಾಗುವುದು ಸಹಜ. ಆದರೆ ಆಡುವ ಮನಸ್ಸಿರುವವರು ನಮ್ಮಲ್ಲಿ ಈಗಲೂ ಇದ್ದಾರೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು, ಸರ್ವರ್ (ಎಲ್ಲರೂ ಸೇರಿ ಆಡುವ ಆನ್‌ಲೈನ್ ಜಾಗ) ಖಾಲಿ ಇರುವುದನ್ನು ನೋಡಿ ಹೊರಟುಹೋಗುತ್ತಾರೆ. ನಿಜವಾದ ತೊಂದರೆ ಅದೇ.

ಹಾಗಾಗಿ ವಾರಕ್ಕೊಂದು ದಿನ, ಒಂದೇ ಹೊತ್ತು ಗೊತ್ತು ಮಾಡಿ. ನಾವು ಶನಿವಾರ ರಾತ್ರಿ 9.30 ಇಟ್ಟುಕೊಂಡೆವು. ದುಬೈಯಲ್ಲಿರುವ ನಮ್ಮ ಹುಡುಗರಿಗೆ ಆಗ 8 ಗಂಟೆ, ಅವರಿಗೂ ಅನುಕೂಲ. ಕಾಲು ಗಂಟೆ ಮುಂಚೆಯೇ ಮೂರ್ನಾಲ್ಕು ಜನ ಒಳಗೆ ಕೂತಿರಲೇಬೇಕು. ಸರ್ವರ್‌ಗಳ ಪಟ್ಟಿಯಲ್ಲಿ 0/32, ಅಂದರೆ 32 ಜಾಗದಲ್ಲಿ ಒಬ್ಬರೂ ಇಲ್ಲ, ಅಂತ ಕಂಡರೆ ಯಾರೂ ಕಾಲಿಡುವುದಿಲ್ಲ; 4/32 ಕಂಡರೆ ಐದನೆಯವರು ಬಂದೇ ಬರುತ್ತಾರೆ. ಬಾಟ್ (ಕಂಪ್ಯೂಟರೇ ಆಡಿಸುವ ಆಟಗಾರರು) ಹಾಕುವುದಾದರೆ, ಮನುಷ್ಯರು ಬಂದಂತೆ ಅವು ತಾವಾಗಿಯೇ ಹೊರಹೋಗುವ ಹಾಗೆ ಹೊಂದಿಸಿ.

ಎರಡು ಮೂರು ಸರ್ವರ್ ನಡೆಸುತ್ತಿದ್ದರೆ ಒಂದನ್ನೇ ಉಳಿಸಿಕೊಳ್ಳಿ. ಮೊದಲು ಐಸ್‌ವರ್ಲ್ಡ್‌ನಂಥ ಪುಟ್ಟ ಮ್ಯಾಪ್ (ಆಟ ನಡೆಯುವ ಕಣ), ಹತ್ತು ಜನ ಆದಮೇಲೆ ಡಸ್ಟ್ 2ರಂಥ ದೊಡ್ಡದು.

ಹೊಸಬರ ವಿಷಯದಲ್ಲಿ ನನ್ನದೊಂದು ಕಳಕಳಿಯ ಮಾತು. ಹಳಬರೆಲ್ಲ ಒಂದೇ ಟೀಮ್‌ಗೆ ಸೇರಬೇಡಿ. ಈ ಆಟದಲ್ಲಿ ಸತ್ತವರು ರೌಂಡ್ ಮುಗಿಯುವವರೆಗೆ ಸುಮ್ಮನೆ ನೋಡುತ್ತಾ ಕೂರಬೇಕು. ಪ್ರತಿ ರೌಂಡೂ ಹಾಗಾದರೆ ಮುಂದಿನ ಶನಿವಾರ ಅವರು ಬರುವುದಿಲ್ಲ. ಮೈಕ್‌ನಲ್ಲಿ ಹೆಸರು ಹಿಡಿದು ಮಾತಾಡಿಸಿ, ಬಾಂಬ್ ಎಲ್ಲಿಡಬೇಕು, ಎಲ್ಲಿ ಕಾಯಬೇಕು ಅಂತ ಕನ್ನಡದಲ್ಲೇ ಹೇಳಿಕೊಡಿ. ಬೈದವರನ್ನು, ಎಷ್ಟೇ ಚೆನ್ನಾಗಿ ಆಡಲಿ, ಹೊರಗೆ ಹಾಕಿ.

ಆಟ ಬಿಟ್ಟ ಹಳಬರಿಗೆ ಗುಂಪಿನಲ್ಲಿ ಸಂದೇಶ ಹಾಕಿದರೆ ಸಾಲದು. ಶುಕ್ರವಾರ ಸಂಜೆ ಒಬ್ಬೊಬ್ಬರಿಗೇ ಫೋನ್ ಮಾಡಿ.