ಲಿಸ್ಬನ್ ಸಂತೆಯಲ್ಲಿ ಪೋರ್ಚುಗೀಸ್ ಪದ ಕೇಳಿ ಕಲಿಯುವುದು

ಮೊದಲು ನಮಸ್ಕಾರ, ಆಮೇಲೆ ಪ್ರಶ್ನೆ. ಬೆಳಿಗ್ಗೆ 'ಬೋಂ ದಿಯ', ಮಧ್ಯಾಹ್ನದ ಮೇಲೆ 'ಬೋಅ ತಾರ್ದ್' ಅನ್ನದೆ ನೇರ ಕೇಳಿದರೆ ಒರಟಾಗಿ ಕೇಳಿಸುತ್ತದೆ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಕೇಳಲೇಬೇಡಿ.

ವಸ್ತು ನಿಮ್ಮ ಕೈಯಲ್ಲಿದ್ದರೆ 'ಕೋಮು ಸ ಶಮ ಇಷ್ತು?', ಅಂದರೆ ಇದಕ್ಕೆ ಏನಂತಾರೆ? ಅದು ಅಂಗಡಿಯವರ ಕೈಯಲ್ಲಿದ್ದರೆ 'ಇಷ್ತು' ಬದಲು 'ಇಸು', ಇಬ್ಬರಿಂದಲೂ ದೂರವಿದ್ದರೆ 'ಅಕಿಲು'. ನಮ್ಮ ಇದು-ಅದು ಎರಡೇ ಆದ್ದರಿಂದ ಕನ್ನಡಿಗರು ನಡುವಿನ 'ಇಸು'ವನ್ನು ಮರೆಯುವುದೇ ಹೆಚ್ಚು.

ಉತ್ತರ ಇಂಗ್ಲಿಷಿನಲ್ಲಿ ಬಂದರೆ ನಗುತ್ತಲೇ 'ಎಂ ಪುರ್ತುಗೇಶ್, ಪುರ್ ಫವೋರ್' ಅನ್ನಿ. ಚೀಟಿ ಚಾಚಿ 'ಪೋದ್ ಇಶ್‌ಕ್ರವೇರ್?' ಎಂದರೆ ಬರೆದುಕೊಡುತ್ತಾರೆ. ಬರೆಸಿಕೊಳ್ಳುವುದು ಮುಖ್ಯ: ಇಲ್ಲಿನ ಮಾತಿನಲ್ಲಿ ಒತ್ತಿಲ್ಲದ ಸ್ವರಗಳು ನುಂಗಿಹೋಗುತ್ತವೆ, ಕಿವಿಯೊಂದನ್ನೇ ನಂಬುವಂತಿಲ್ಲ. ಪದಕ್ಕೆ ಮೊದಲು ಬರುವ 'ಉ' ಅಥವಾ 'ಅ' ಲಿಂಗಸೂಚಕ. ಅದನ್ನೂ ಸೇರಿಸಿಯೇ ಬರೆದುಕೊಳ್ಳಿ. ಬ್ರೆಡ್ಡು 'ಉ ಪಾಂವ್', ಸೇಬು 'ಅ ಮಸಾಂ'. 'ಪಾಂವ್' ಮೂಗಿನಿಂದ ಬರಬೇಕು. ಇಲ್ಲವಾದರೆ ಅದು 'ಪಾವ್', ಕೋಲು. ಹೇಳಿ ತೋರಿಸಿ, ತಿದ್ದಿಸಿಕೊಳ್ಳಿ, ಅದೇ ಪದದಿಂದ ಅಲ್ಲೇ ಏನಾದರೂ ಕೊಳ್ಳಿ.

ಊರನ್ನೂ ಬರೆದಿಡಿ. ಬಸ್ಸಿಗೆ ಪೋರ್ಚುಗಲ್‌ನಲ್ಲಿ 'ಔತೊಕಾರು', ಬ್ರೆಜಿಲ್‌ನಲ್ಲಿ 'ಓನಿಬುಸ್'. ಪುಟ್ಟ ಕಪ್ಪಿನ ಗಟ್ಟಿ ಕಾಫಿ ಲಿಸ್ಬನ್‌ನಲ್ಲಿ 'ಬೀಕ'.

ಕೆಲವು ಪದ ನಮ್ಮ ಮನೆಯಲ್ಲೇ ಇವೆ: ಬಟಾಟೆ, ಅನಾನಸ್, ಚಾವಿ. ಚಾವಿ ಅಲ್ಲಿ 'ಶಾವ್'. ಕೊನೆಗೆ ಧನ್ಯವಾದ ಹೇಳಲು ಗಂಡಸರು 'ಒಬ್ರಿಗಾದು', ಹೆಂಗಸರು 'ಒಬ್ರಿಗಾದ' ಅನ್ನಬೇಕು.