ಕುಂಬಾರಿಕೆ ಚಕ್ರದಲ್ಲಿ ಕೈ ಕುದುರಬೇಕಾ? ಮಾಡಿದ ಲೋಟವನ್ನು ಕುಯ್ದು ನೋಡಿ

ಹೊಸದಾಗಿ ಚಕ್ರ ಹಿಡಿದವರು ಮಾಡಿದ್ದನ್ನೆಲ್ಲ ಸುಡಲು ಹೋಗಬೇಡಿ. ಅರ್ಧರ್ಧ ಕೇಜಿ ಮಣ್ಣಿನ ಉಂಡೆ ತೂಗಿ ಇಟ್ಟುಕೊಂಡು, ಸುಮ್ನೆ ನೇರ ಲೋಟಗಳನ್ನೇ ಸಾಲಾಗಿ ಮಾಡಿ, ಹಸಿಯಿದ್ದಾಗಲೇ ತಂತಿಯಿಂದ ಬಾಯಿಂದ ತಳದವರೆಗೆ ಎರಡು ಹೋಳು ಮಾಡಿ ನೋಡಿ. ಬಾಯಿ ತೆಳ್ಳಗಿರುತ್ತದೆ, ಗೋಡೆ ತಳ ಸೇರುವ ಮೂಲೆಯಲ್ಲಿ ಮಣ್ಣು ದಪ್ಪಗೆ ಕೂತಿರುತ್ತದೆ. ಶುರುವಿನಲ್ಲಿ ಹೆಚ್ಚಿನವರದ್ದು ಹಾಗೇ. ಮುಂದಿನ ಸಲ ತಳದಲ್ಲೇ ಬೆರಳು ಗಟ್ಟಿಯಾಗಿ ಒತ್ತಿ ಗೋಡೆಯನ್ನು ನಿಧಾನಕ್ಕೆ ಮೇಲಕ್ಕೆ ಎಳೆಯಿರಿ, ಬಾಯಿ ಹತ್ತಿರ ಬಂದಂತೆ ಹಿಡಿತ ಸಡಿಲಿಸಿ. ಒಳಗೆ ನಿಂತ ನೀರನ್ನು ಸ್ಪಂಜಿನಿಂದ ತೆಗೆಯಿರಿ, ಇಲ್ಲದಿದ್ದರೆ ಒಣಗುವಾಗ ತಳ ಬಿರುಕು ಬಿಡುವುದು ಜಾಸ್ತಿ.

ಕುಯ್ದಿದ್ದು ದಂಡ ಅಲ್ಲ. ಸುಡದ ಮಣ್ಣು ನೀರಲ್ಲಿ ಮತ್ತೆ ಕರಗುತ್ತದೆ ಅಲ್ವಾ, ಬಕೆಟ್‌ನಲ್ಲಿ ನೆನೆಸಿ, ಹಳೇ ಬಟ್ಟೆ ಮೇಲೆ ಹರಡಿ ಆರಿಸಿ, ನಾದಿಕೊಳ್ಳಿ.